ಜಗತಿಯ ಮೇಲಿನ ನಡಿಗೆ

ಭದ್ರಾವತಿ ಎಂದೊಡನೆ ನಮಗೆಲ್ಲ ನೆನಪಾಗುವುದು ಕಬ್ಬಿಣದ ಕಾರ್ಖಾನೆ. 1923ರಲ್ಲಿ ಅದರ ಕುಲುಮೆ ಹೊತ್ತಿಕೊಳ್ಳುವುದಕ್ಕೆ ಬಹಳ ಮೊದಲೇ, ಬೆಂಕಿಪುರ ಎನ್ನಿಸಿಕೊಂಡಿದ್ದ ಈ ಊರಿನಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಎದ್ದು ನಿಂತಿತ್ತು. 13ನೇ ಶತಮಾನದ ಹೊಯ್ಸಳ ಕಟ್ಟಡ. ನೋಡಲು ಹೋದವರು ಶಿಲ್ಪಗಳನ್ನು ಹೊಗಳಿ ಮರಳುತ್ತಾರೆ. ಆದರೆ ಇದು ಕಣ್ಣಿಗಿಂತ ಮೊದಲು ಕಾಲಿಗೆ ಕೆಲಸ ಕೊಡುವ ಕಟ್ಟಡವೆಂದು ನಮಗನ್ನಿಸುತ್ತದೆ.

ಇದು ತ್ರಿಕೂಟ. ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ ಈ ಮೂವರ ಗರ್ಭಗುಡಿಗಳು ನಡುವಿನ ಒಂದೇ ನವರಂಗಕ್ಕೆ ತೆರೆದುಕೊಂಡಿವೆ. ಗರ್ಭಗುಡಿಗಳ ಸುತ್ತ ಒಳಗೆ ಪ್ರದಕ್ಷಿಣೆಯ ದಾರಿಯಿಲ್ಲ. ಆ ಕೆಲಸವನ್ನು ಗುಡಿಯನ್ನು ಹೊತ್ತಿರುವ ಕಲ್ಲಿನ ಕಟ್ಟೆ, ಅಂದರೆ ಜಗತಿ, ವಹಿಸಿಕೊಂಡಿದೆ. ಹಾಗಾಗಿ ಭಕ್ತ ಸುತ್ತು ಬರುವುದು ಬಯಲಿನಲ್ಲಿ, ಊರಿನ ಕಣ್ಣೆದುರಿನಲ್ಲಿ. (ಮಳೆಗಾಲದಲ್ಲಿ ಹುಷಾರಾಗಿ ಹೆಜ್ಜೆಯಿಡಬೇಕು.) ಗೋಡೆ ಮೂಲೆಮೂಲೆಯಾಗಿ ಹೊರಚಾಚಿ ಮತ್ತೆ ಒಳಸರಿಯುತ್ತದೆ, ಅದರ ಬಗಲಲ್ಲಿ ನಡೆಯುವವನು ಬಿರುಸಾಗಿ ನಡೆಯಲಾರ. ಒಂದು ಮೂಲೆ ದಾಟಿದ ಮೇಲಷ್ಟೇ ಮುಂದಿನ ವಿಗ್ರಹ ಕಾಣುತ್ತದೆ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಲೇಬೇಕು. ಹೊರಗೆ ದೇವರನ್ನು ಸುತ್ತಿದ ದೇಹ ಇಲ್ಲಿ ನಿಂತಲ್ಲೇ ಮೂರು ಕಡೆಗೆ ತಿರುಗಬೇಕು.

ಮಸೀದಿಯಲ್ಲಿ ಸಫ್ ಕಟ್ಟಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಮಗೆ, ಜಾಗದ ಆಕಾರವೇ ಆರಾಧನೆಯ ಆಕಾರವಾಗುವುದು ಹೊಸದಲ್ಲ. ಅಮೆರಿಕದ ನೈಋತ್ಯ ಭಾಗದ ಪ್ಯೂಬ್ಲೊ ಜನರ ಕಿವಾ ಇದಕ್ಕೆ ಇನ್ನೊಂದು ಬಗೆ. ಚಾಕೊ ಕಣಿವೆಯಲ್ಲಿ ಸಾವಿರ ವರ್ಷ ಹಿಂದಿನ ದುಂಡು ಕಿವಾಗಳು ಈಗಲೂ ನೆಲದೊಳಗಿವೆ. ಸಾಮಾನ್ಯವಾಗಿ ಸೂರಿನ ಕಂಡಿಯಿಂದ ಏಣಿಯಲ್ಲಿ ಇಳಿಯಬೇಕು. ಅದೇ ಕಂಡಿಯಲ್ಲಿ ಹೊಗೆಯೂ ಮೇಲೇರುತ್ತಿತ್ತು. ನೆಲದಲ್ಲಿ ಸಿಪಾಪು ಎಂಬ ಪುಟ್ಟ ಕುಳಿ. ಪೂರ್ವಜರು ಭೂಮಿಯೊಳಗಿಂದ ಮೇಲೆ ಬಂದ ದಾರಿಯ ಗುರುತು ಅದು. ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆಯಿದ್ದ ಕಡೆ ಕೂತವರು ಪರಸ್ಪರ ಮುಖ ನೋಡಲೇಬೇಕಿತ್ತು. ಅಲ್ಲಿ ಇಳಿಯುವುದು, ಇಲ್ಲಿ ಏರುವುದು.

ಆದರೆ ಏರಿದವರು ಯಾರು? ಜಗತಿ ಬಯಲಿಗೆ ತೆರೆದಿದೆಯೆಂದ ಮಾತ್ರಕ್ಕೆ ಎಲ್ಲರಿಗೂ ತೆರೆದಿತ್ತೆಂದು ತಿಳಿಯುವಂತಿಲ್ಲ. ಬೇಲೂರಿನ ಹೊಯ್ಸಳ ಗುಡಿಯೊಳಗೆ ಇಂದು ನಾವು ದಲಿತರೆನ್ನುವ ಜನರಿಗೆ ವರ್ಷಕ್ಕೆ ಮೂರು ದಿನ ಮಾತ್ರ ಪ್ರವೇಶವಿತ್ತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅದನ್ನೂ ದೊಡ್ಡ ರಿಯಾಯಿತಿ ಎಂದೇ ಭಾವಿಸಲಾಗಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿದ್ದು 1950ರಲ್ಲಿ. ಅಲ್ಲಿಯವರೆಗಿನ ಉಳಿದ ದಿನಗಳಲ್ಲಿ ಅವರ ಪ್ರದಕ್ಷಿಣೆ ಎಷ್ಟು ದೂರದಿಂದ ನಡೆಯುತ್ತಿತ್ತು ಎಂಬುದು ವಾಸ್ತುಶಿಲ್ಪದ ನಕ್ಷೆಗಳಲ್ಲಿ ಸಿಗುವುದಿಲ್ಲ.