ಹೆಸರಿನಿಂದ ವಿಳಾಸಕ್ಕೆ: ಕರ್ನೆಲ್ಲಿನ ಸಂಕೇತಕೋಷ್ಟಕ ನಡೆದುಬಂದ ದಾರಿ

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹಿಡಿದು, ಥಾಣೆಯಲ್ಲಿಳಿದು, ಸೇತುವೆ ಹತ್ತಿ ಟ್ರಾನ್ಸ್‌ಹಾರ್ಬರ್ ಮಾರ್ಗದ ಪ್ಲಾಟ್‌ಫಾರ್ಮಿಗೆ ಧಾವಿಸಿ, ಐರೋಲಿ, ಘನ್ಸೋಲಿ, ಮಹಾಪೆಗಳ ಕಂಪ್ಯೂಟರ್ ಕಚೇರಿಗಳನ್ನು ಸೇರುವ ನಮ್ಮ ಕನ್ನಡದ ತರುಣರು ದಾರಿಯನ್ನು ಗುರುತಿಸುವುದು ಊರುಗಳ ಹೆಸರಿನಿಂದ. ಹಳಿಯನ್ನು ಕಾಯುವ ರೈಲ್ವೆ ಸಿಬ್ಬಂದಿ ಅದೇ ದಾರಿಯನ್ನು ಗುರುತಿಸುವುದು ಪಕ್ಕದಲ್ಲಿ ನೆಟ್ಟ ಕಿಲೋಮೀಟರ್ ಕಂಬಗಳ ಅಂಕೆಯಿಂದ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಎಣಿಸುತ್ತ ಬಂದರೆ ಥಾಣೆ ಸುಮಾರು 34, ಡೊಂಬಿವಲಿ 48, ಕಲ್ಯಾಣ 54. ಹೆಸರಿಗೆ ಅಂಕೆಯನ್ನು ಹೊಂದಿಸಿ ಬರೆದ ಪಟ್ಟಿಯೊಂದಿಲ್ಲದಿದ್ದರೆ ಈ ಎರಡು ಬಗೆಯ ಜನ ಒಬ್ಬರಿಗೊಬ್ಬರು ಏನನ್ನೂ ತಿಳಿಯಹೇಳಲಾರರು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನಲ್ಲಿಯೂ ಅಂತಹುದೊಂದು ಪಟ್ಟಿಯಿದೆ. ಕರ್ನೆಲ್ಲನ್ನು ಬರೆದವರು ಪ್ರತಿಯೊಂದು ಫಂಕ್ಷನ್ನಿಗೂ ದತ್ತಾಂಶಕ್ಕೂ ಅರ್ಥವತ್ತಾದ ಹೆಸರಿಟ್ಟಿರುತ್ತಾರೆ. ಯಂತ್ರಕ್ಕಾದರೋ ಸ್ಮೃತಿಯಲ್ಲಿ ಅದು ನೆಲಸಿರುವ ಸ್ಥಾನದ ಅಂಕೆಯೊಂದೇ ಗೊತ್ತು. ಇವೆರಡನ್ನು ಬೆಸೆಯುವ ಪಟ್ಟಿಗೆ ಸಿಂಬಲ್ ಟೇಬಲ್, ಎಂದರೆ ಸಂಕೇತಕೋಷ್ಟಕ, ಎಂದು ಹೆಸರು. ಹೊರಗಿನ ಪ್ರೋಗ್ರಾಮೊಂದು ಈ ಕೋಷ್ಟಕವನ್ನು ಹೇಗೆ ಓದಬೇಕು, ಯಾರಿಗೆ ಓದಗೊಡಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಲೇಖನದ ವಸ್ತು.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿಯವರು ಕಟ್ಟಿದ ಯುನಿಕ್ಸ್, ಸಾಧನಗಳನ್ನೂ ಕಡತಗಳೆಂದೇ ಭಾವಿಸಿ ತೆರೆದು ಓದುವ ಸರಳವಾದ ತತ್ತ್ವವನ್ನು ಹಿಡಿದು ಹೊರಟಿತು. 1975ರ ಆರನೆಯ ಆವೃತ್ತಿಯ ವೇಳೆಗೆ /ಡೆವ್ ಕೋಶದಲ್ಲಿ ಮೆಮ್, ಕೆಮೆಮ್ ಎಂಬೆರಡು ಸಾಧನ ಕಡತಗಳಿದ್ದು, ಇಡೀ ಸ್ಮೃತಿಯನ್ನೇ ಪುಸ್ತಕದ ಪುಟದಂತೆ ಮಗುಚಬಹುದಾಗಿದ್ದಿತು. ಜೊತೆಗೆ, ಡಿಸ್ಕಿನಲ್ಲಿರುವ ಕರ್ನೆಲ್ ಕಡತವನ್ನು ತೆರೆದು ಬೇಕಾದ ಹೆಸರಿಗೆ ವಿಳಾಸ ಹುಡುಕಿಕೊಡುವ ಎನ್‌ಲಿಸ್ಟ್ ಎಂಬ ಫಂಕ್ಷನ್ನೂ ಇದ್ದಿತು. ಓಡುತ್ತಿರುವ ಕಾರ್ಯಗಳನ್ನು ತೋರಿಸುವ ಪಿಎಸ್ ಆಜ್ಞೆಯು ಕಾರ್ಯಗಳ ಪಟ್ಟಿ ಎಲ್ಲಿದೆಯೆಂದು ಮೊದಲು ಡಿಸ್ಕಿನ ಕಡತದಿಂದ ಕೇಳಿ ತಿಳಿದುಕೊಂಡು, ಆಮೇಲೆ ಸ್ಮೃತಿಯ ಆ ಸ್ಥಾನಕ್ಕೆ ನೇರವಾಗಿ ಹೋಗಿ ಓದುತ್ತಿದ್ದಿತು. ಈ ಓದಿನಲ್ಲಿ ಏನನ್ನು ಹುಡುಕಲಾಗುತ್ತಿದೆಯೆಂಬುದು ಕರ್ನೆಲ್ಲಿಗೆ ತಿಳಿಯುತ್ತಿರಲಿಲ್ಲ.

ಈ ಉಪಾಯದ ಒಡಲಲ್ಲೇ ದೋಷವೊಂದು ಅಡಗಿದ್ದಿತು. ವಿಳಾಸವನ್ನು ಹೇಳುವುದು ಡಿಸ್ಕಿನಲ್ಲಿ ಮಲಗಿರುವ ಕಡತ, ಓದುವುದು ಸ್ಮೃತಿಯಲ್ಲಿ ಓಡುತ್ತಿರುವ ಕರ್ನೆಲ್. ಇವೆರಡೂ ಒಂದೇ ಎಂಬುದಕ್ಕೆ ಜಾಮೀನು ಯಾರು? ಯಂತ್ರವನ್ನು ನೋಡಿಕೊಳ್ಳುವವನು ಹೊಸ ಕರ್ನೆಲ್ಲನ್ನು ಕಟ್ಟಿ ಅದೇ ಹೆಸರಿನಲ್ಲಿಟ್ಟು, ಯಂತ್ರವನ್ನು ಪುನಃ ಆರಂಭಿಸದೆ ಮನೆಗೆ ಹೋದನಾದರೆ, ಅಂದು ರಾತ್ರಿ ಪಿಎಸ್ ಆಜ್ಞೆ ಹೊಸ ಪಟ್ಟಿಯ ಅಂಕೆಯನ್ನು ಹಿಡಿದು ಹಳೆಯ ಊರಿನಲ್ಲಿ ಮನೆ ಹುಡುಕುತ್ತ, ಅರ್ಥವಿಲ್ಲದ ಅಕ್ಷರಗಳನ್ನು ಚೆಲ್ಲುವುದಷ್ಟೆ. ಹುಡುಕಾಟದ ವೇಗವನ್ನು ಹೆಚ್ಚಿಸಲು, ಯುನಿಕ್ಸಿನಿಂದ ಬೆಳೆದ ಶಾಖೆಯಾದ 4.4ಬಿಎಸ್‌ಡಿಯು ಹೆಸರುಗಳನ್ನು ಮುಂಚಿತವಾಗಿಯೇ ಒಂದು ದತ್ತಸಂಚಯದಲ್ಲಿ ಜೋಡಿಸಿಡುವ ಕೆವಿಎಂ_ಎಂಕೆಡಿಬಿ ಎಂಬ ಆಜ್ಞೆಯನ್ನು ಕೊಟ್ಟಿತು. ಆದರೂ ಮೂಲವಾಗಿ ಉಳಿದದ್ದು ಡಿಸ್ಕಿನ ಕಡತವೇ.

1992ರಲ್ಲಿ ಸನ್ ಸಂಸ್ಥೆ ಹೊರತಂದ ಸೋಲಾರಿಸ್‌ನಲ್ಲಿ ಈ ತೊಡಕು ಇನ್ನು ತಡೆಯಲಾರದ ಹಂತ ಮುಟ್ಟಿತು. ಏಕೆಂದರೆ ಅದರ ಕರ್ನೆಲ್ ತನ್ನ ಭಾಗಗಳಾದ ಮಾಡ್ಯೂಲುಗಳನ್ನು ಬೇಕಾದಾಗ ಏರಿಸಿಕೊಂಡು ಬೇಡವಾದಾಗ ಇಳಿಸುವಂತಹುದು, ಆದುದರಿಂದ ಯಾವ ಒಂದು ಡಿಸ್ಕ್ ಕಡತವೂ ಅದರ ಪೂರ್ಣ ಚಿತ್ರವಾಗಲಾರದು. ಸೋಲಾರಿಸ್ ಕಂಡುಕೊಂಡ ಪರಿಹಾರ /ಡೆವ್/ಕೆಸಿಮ್ಸ್ ಎಂಬ ಸಾಧನ ಕಡತ. ಅದರ ಹಿಂದೆ ಯಾವ ಯಂತ್ರಭಾಗವೂ ಇಲ್ಲ. ತೆರೆದವನಿಗೆ, ಓಡುತ್ತಿರುವ ಕರ್ನೆಲ್ ತಾನೇ ಆ ಗಳಿಗೆಯ ತನ್ನ ಸಂಕೇತಕೋಷ್ಟಕವನ್ನೂ ಹೆಸರುಗಳ ಅಕ್ಷರಮಾಲೆಯನ್ನೂ ಜೋಡಿಸಿ, ಇಎಲ್‌ಎಫ್ ಎಂಬ ಪರಿಚಿತ ವಿನ್ಯಾಸದ ಕಡತದಂತೆ, ಓದಲು ಮಾತ್ರ ಬರುವ ಹಾಗೆ ಒಪ್ಪಿಸುತ್ತದೆ. ನೆರೆಯವರನ್ನು ವಿಚಾರಿಸುವುದನ್ನು ಬಿಟ್ಟು ಮನೆಯ ಯಜಮಾನನನ್ನೇ ಕೇಳಿದಂತಾಯಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಸುಂದರವಾದ ಕಲ್ಪನೆ ಬೇರೊಂದಿಲ್ಲವೆಂದೇ ನನ್ನ ದೃಢವಾದ ನಂಬಿಕೆ: ಹಳೆಯ ಉಪಕರಣಗಳು ಬಲ್ಲ ವಿನ್ಯಾಸ, ಹಳೆಯ ಉಪಕರಣಗಳು ಬಲ್ಲ ಕಡತವೆಂಬ ರೂಪ, ಒಳಗಿನ ಸತ್ಯ ಮಾತ್ರ ಆ ಕ್ಷಣದ್ದು.

ಲಿನಕ್ಸ್ ಬೇರೊಂದು ದಾರಿ ಹಿಡಿಯಿತು. 2.4ರ ಕಾಲದ /ಪ್ರಾಕ್/ಕೆಸಿಮ್ಸ್ ಕಡತದಲ್ಲಿ ಮಾಡ್ಯೂಲುಗಳ ಬಳಕೆಗೆಂದು ಬಿಟ್ಟುಕೊಟ್ಟ ಹೆಸರುಗಳು ಮಾತ್ರವಿದ್ದು, ಉಳಿದವಕ್ಕೆ ಸಿಸ್ಟಮ್‌ಮ್ಯಾಪ್ ಎಂಬ ಡಿಸ್ಕ್ ಕಡತವನ್ನೇ ನೆಚ್ಚಬೇಕಾಗಿದ್ದುದರಿಂದ ಹಳೆಯ ರೋಗವೇ ಮರುಕಳಿಸಿತು. ಕರ್ನೆಲ್ ಮುಗ್ಗರಿಸಿ ಬರಿಯ ಅಂಕೆಗಳನ್ನು ಉಗುಳಿದಾಗ, ಅವನ್ನು ಹೆಸರುಗಳಾಗಿ ತಿರುಗಿಸಲು ಕೆಸಿಮೂಪ್ಸ್ ಎಂಬ ಪ್ರತ್ಯೇಕ ಉಪಕರಣವೇ ಬೇಕಾಗುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6ರಲ್ಲಿ ಕೋಷ್ಟಕವು ಕರ್ನೆಲ್ಲಿನೊಳಗೇ ಅಡಕವಾಗಿ /ಪ್ರಾಕ್/ಕಾಲ್‌ಸಿಮ್ಸ್ ಎಂಬ ಪಠ್ಯರೂಪದಲ್ಲಿ ಕಾಣಿಸಿಕೊಂಡಿತು. ಬಿಎಸ್‌ಡಿ ಮನೆತನದವರು ಸಾಧನ ಕಡತಕ್ಕೇ ನಿಷ್ಠರಾದರು: 2004ರ ನೆಟ್‌ಬಿಎಸ್‌ಡಿ 2.0ರಲ್ಲಿ ಕೆಸಿಮ್ಸ್ ಬಂದು, ಇಡೀ ಕೋಷ್ಟಕವನ್ನು ಓದದೆ ಒಂದೇ ಹೆಸರಿನ ವಿಳಾಸವನ್ನು, ಸಾಧನಕ್ಕೆ ವಿಶೇಷ ವಿನಂತಿ ಕಳುಹಿಸುವ ಐಆಕ್ಟಲ್ ಕರೆಯ ಮೂಲಕ ಕೇಳುವ ಸೌಕರ್ಯವನ್ನೂ ಕೊಟ್ಟಿತು; 2009ರ ಫ್ರೀಬಿಎಸ್‌ಡಿ 8.0ರಲ್ಲಿಯೂ ಅದೇ ಹೆಸರಿನ ಸಾಧನ ನೆಲೆಗೊಂಡಿತು.

ಇಷ್ಟರಲ್ಲಿ ಕಾಲ ಬದಲಾಗಿದ್ದಿತು. ಕರ್ನೆಲ್ಲಿನ ದೋಷವೊಂದನ್ನು ಹಿಡಿದು ಒಳನುಗ್ಗುವ ಕಳ್ಳನಿಗೆ ಮೊದಲು ಬೇಕಾಗುವುದು ವಿಳಾಸಗಳೇ. 2011ರ ಲಿನಕ್ಸ್ 2.6.38ರಲ್ಲಿ ಕೆಪಿಟಿಆರ್_ರಿಸ್ಟ್ರಿಕ್ಟ್ ಎಂಬ ತಡೆ ಬಂದಿತು. ಡೊಂಬಿವಲಿಯ ನಮ್ಮ ಮನೆಯ ಮೇಜಿನ ಮೇಲಿರುವ ಲಿನಕ್ಸ್ ಯಂತ್ರದಲ್ಲಿ ಸಾಧಾರಣ ಬಳಕೆದಾರನಾಗಿ ಕಾಲ್‌ಸಿಮ್ಸ್ ಕಡತವನ್ನು ತೆರೆದರೆ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ, ಆದರೆ ಪ್ರತಿಯೊಂದರ ಎಡಕ್ಕೂ ಹದಿನಾರು ಸೊನ್ನೆಗಳು. ರೂಟ್ ಅಧಿಕಾರದಿಂದ ತೆರೆದಾಗ ಸೊನ್ನೆಗಳು ಸರಿದು ನಿಜವಾದ ಅಂಕೆ ಮೂಡುತ್ತದೆ. ಹಿಂದೆ ಕರ್ನೆಲ್ಲಿನ ಆದಿಯನ್ನು ಸೂಚಿಸುವ _ಟೆಕ್ಸ್ಟ್ ಎಂಬ ಹೆಸರಿನ ಎದುರು ಎಂಟು ಎಫ್‌ಗಳೂ ಆಮೇಲೆ 81000000 ಎಂಬ ಅಂಕೆಯೂ 64 ಬಿಟ್ಟಿನ ಎಕ್ಸ್86 ಯಂತ್ರಗಳಲ್ಲೆಲ್ಲ ಒಂದೇ ತೆರನಾಗಿರುತ್ತಿದ್ದವು; ಆದರೆ 2014ರ 3.14ರಲ್ಲಿ ಬಂದು 2017ರ 4.12ರಿಂದ ಸಹಜಸ್ಥಿತಿಯೇ ಆದ, ಕರ್ನೆಲ್ ನೆಲಸುವ ಸ್ಥಾನವನ್ನು ಅಡ್ಡಾದಿಡ್ಡಿಯಾಗಿ ಸರಿಸುವ ತಂತ್ರವಾದ ಕೆಎಎಸ್‌ಎಲ್‌ಆರ್‌ನಿಂದಾಗಿ, ಅದು ಪ್ರತಿ ಆರಂಭದಲ್ಲಿಯೂ ಬೇರೆ ಬೇರೆಯಾಗತೊಡಗಿತು.

ಈ ತಂತ್ರದ ಇತಿಮಿತಿಯನ್ನು ನಮ್ಮ ಹಳಿಯ ಲೆಕ್ಕದಿಂದಲೇ ಕಾಣಬಹುದು. ಮೊದಲ ಕಂಬವನ್ನು ದಿನವೂ ಬೇರೆ ಕಡೆ ನೆಟ್ಟರೆ ಥಾಣೆಯ ಅಂಕೆ ಬದಲಾಗುವುದು ನಿಜ, ಆದರೆ ಥಾಣೆಗೂ ಕಲ್ಯಾಣಕ್ಕೂ ನಡುವಣ ಇಪ್ಪತ್ತು ಕಿಲೋಮೀಟರ್ ಎಲ್ಲಿಗೆ ಹೋದೀತು? ಒಂದೇ ಒಂದು ನಿಲ್ದಾಣದ ಇಂದಿನ ಅಂಕೆ ಸೋರಿದರೆ ಉಳಿದವೆಲ್ಲ ತಾವಾಗಿ ಕೈಗೆ ಸಿಕ್ಕುತ್ತವೆ. ಅಲ್ಲದೆ 64 ಬಿಟ್ಟಿನ ಎಕ್ಸ್86 ಯಂತ್ರದಲ್ಲಿ 1 ಗಿಗಾಬೈಟಿನ ಕಿಂಡಿಯೊಳಗೆ 2 ಮೆಗಾಬೈಟಿನ ಹೆಜ್ಜೆಗಳಲ್ಲಿ ಸರಿಯುವ ಕರ್ನೆಲ್ಲಿಗೆ ದೊರೆಯುವ ನೆಲೆಗಳು ಐನೂರರ ಆಸುಪಾಸಿನವಷ್ಟೆ. 2017ರ ಅಕ್ಟೋಬರಿನ ಓಪನ್‌ಬಿಎಸ್‌ಡಿ 6.2 ಇದಕ್ಕೆ ಕಠಿಣತರವಾದ ಮದ್ದನ್ನು ಕಂಡುಹಿಡಿಯಿತು: ಮುಂದಿನ ಆರಂಭಕ್ಕೆಂದು ಕರ್ನೆಲ್ಲಿನ ಬಿಡಿಭಾಗಗಳನ್ನು ಪ್ರತಿಸಲವೂ ಹೊಸ ಅನುಕ್ರಮದಲ್ಲಿ ಕಲಸಿ ಬೆಸೆಯುವುದು, ಎಂದರೆ ನಿಲ್ದಾಣಗಳ ಸರದಿಯನ್ನೇ ಬದಲಿಸುವುದು. ಲಿನಕ್ಸ್ 2020ರ 5.7ರಲ್ಲಿ ಹೆಸರಿನಿಂದ ವಿಳಾಸ ಹುಡುಕುವ ಕಾಲ್‌ಸಿಮ್ಸ್_ಲುಕಪ್_ನೇಮ್ ಎಂಬ ಫಂಕ್ಷನ್ನನ್ನು ಮಾಡ್ಯೂಲುಗಳಿಗೆ ಎಟುಕದಂತೆ ಮಾಡಿತು, 2021ರ 5.13ರಲ್ಲಿ /ಡೆವ್/ಕೆಮೆಮ್ ಕಡತವೇ ಲಿನಕ್ಸಿನಿಂದ ಮರೆಯಾಯಿತು.

ಹೀಗೆಂದು ಕೋಷ್ಟಕವನ್ನು ಸಂಪೂರ್ಣವಾಗಿ ಮುಚ್ಚಿಬಿಡಬೇಕೆನ್ನುವ ವಾದವನ್ನು ನಾನು ಒಪ್ಪಲಾರೆ. ನವಿಮುಂಬಯಿಯ ಡೇಟಾ ಸೆಂಟರುಗಳಲ್ಲಿ ಹಗಲಿರುಳು ಓಡುವ ಸರ್ವರುಗಳು ಏಕೆ ನಿಧಾನವಾದುವೆಂದು ಅರಿಯಬಯಸುವವನಿಗೆ ಹೆಸರುಗಳಿಲ್ಲದ ಅಂಕೆಗಳ ರಾಶಿಯಿಂದ ಯಾವ ಪ್ರಯೋಜನವೂ ಇಲ್ಲ. ಸಾಧನ ಕಡತದ ಹಿರಿಮೆ ಇಲ್ಲಿಯೇ ಇರುವುದು: ಫ್ರೀಬಿಎಸ್‌ಡಿಯಲ್ಲಿ ಅದು ರೂಟ್ ಬಳಕೆದಾರನಿಗಷ್ಟೇ ತೆರೆಯುವಂತಿದ್ದು, ಐದು ದಶಕಗಳ ಹಳೆಯ ಕಡತಾನುಮತಿಯೇ ಬಾಗಿಲಿಗೆ ಸಾಕಷ್ಟು ಭದ್ರವಾದ ಬೀಗವಾಗಿದೆ.

ಆದುದರಿಂದ ಮೊದಲು ಹೇಳಿದ ಕಚೇರಿಗಳಲ್ಲಿ ದುಡಿಯುವ ಕನ್ನಡದ ತರುಣರಲ್ಲಿ ನನ್ನದೊಂದು ವಿನಂತಿ. ಸೇವೆಯಲ್ಲಿರುವ ಸರ್ವರಿನಲ್ಲಿ ಸೊನ್ನೆಗಳು ಕಂಡುವೆಂದು ಬೇಸರಪಟ್ಟು ತಡೆಯನ್ನು ತೆಗೆದುಹಾಕಬೇಡಿರಿ. ಮನೆಯಲ್ಲಿ ಬಿದ್ದಿರುವ ಹಳೆಯ ಯಂತ್ರವೊಂದಕ್ಕೆ ಫ್ರೀಬಿಎಸ್‌ಡಿಯನ್ನು ಹಾಕಿ, ಕೆಎಲ್‌ಡಿಲೋಡ್ ಆಜ್ಞೆಯಿಂದ ಕೆಸಿಮ್ಸ್ ಮಾಡ್ಯೂಲನ್ನು ಏರಿಸಿ, ಆ ಸಾಧನ ಕಡತವನ್ನು ಸಾಧಾರಣ ಕಡತಕ್ಕೆ ನಕಲಿಸಿಕೊಂಡು, ಎನ್‌ಎಂ ಆಜ್ಞೆಯಿಂದ ಅದರಲ್ಲಿರುವ ಹೆಸರುಗಳನ್ನು ಒಂದು ಭಾನುವಾರ ಬಿಡುವಾಗಿ ಕುಳಿತು ಓದಿರಿ.