ಬಲ ಭುಜದ ಮೇಲಿನ ಸೀಮೆಸುಣ್ಣ: ಅಮೆರಿಕದ ವಲಸೆ ಕಾನೂನು ಕಂಡ ಮನೋರೋಗಿ

ಅಮೆರಿಕದ ವಲಸೆ ನಿರ್ಬಂಧಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1882ರ ಮೇ ತಿಂಗಳಲ್ಲಿ ಬಂದ ಚೀನೀಯರ ನಿಷೇಧ ಕಾಯ್ದೆಯ ಮೇಲೆ ಕಣ್ಣಿಡುತ್ತಾರೆ. ಅದೇ ವರ್ಷ ಆಗಸ್ಟ್ 3ರಂದು ಬಂದ ಇನ್ನೊಂದು ಕಾಯ್ದೆಗೆ ಅಷ್ಟು ಗಮನ ಸಿಕ್ಕಿಲ್ಲ. ಸಜೆಯಾದ ಅಪರಾಧಿಗಳು, ಹುಚ್ಚರು, ಜಡಬುದ್ಧಿಯವರು, ತಮ್ಮ ಹೊಟ್ಟೆ ಹೊರೆದುಕೊಳ್ಳಲಾರದೆ ಸಾರ್ವಜನಿಕರ ಮೇಲೆ ಭಾರವಾಗುವವರು ಹಡಗಿನಿಂದ ಇಳಿಯಕೂಡದೆಂದು ಅದು ವಿಧಿಸಿತು. (ಈ ಪದಗಳು ಒರಟು, ಕಾಯ್ದೆಯ ಪದಗಳೂ ಒರಟಾಗಿಯೇ ಇದ್ದವು, ಮೆದುಗೊಳಿಸಿಲ್ಲ.) ಹುಚ್ಚು, ಬಡತನ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿರುವುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಸಾಕ್ಷ್ಯ. ಕಾಯ್ದೆಯನ್ನು ಕಾಡಿದ್ದು ರೋಗವಲ್ಲ, ಖರ್ಚು.

1891ರ ಕಾಯ್ದೆ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯ ಮಾಡಿತು. ತಿರಸ್ಕೃತರನ್ನು ಮರಳಿ ಒಯ್ಯುವ ವೆಚ್ಚವನ್ನು ಹಡಗು ಕಂಪನಿಗಳ ತಲೆಗೆ ಕಟ್ಟಿತು. 1903ರಲ್ಲಿ ಮೂರ್ಛೆರೋಗಿಗಳು ಪಟ್ಟಿ ಸೇರಿದರು. ಹಿಂದಿನ ಐದು ವರ್ಷದೊಳಗೆ ಬುದ್ಧಿ ಕೆಟ್ಟವರು, ಆಯುಷ್ಯದಲ್ಲಿ ಎಂದಾದರೂ ಎರಡು ಸಲ ಕೆಟ್ಟವರೂ ಸೇರಿದರು. ಗುಣವಾಯಿತೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. 1907ರಲ್ಲಿ ‘ಮಂದಮತಿಗಳು’ ಬಂದರು. 1917ರಲ್ಲಿ ಒಂದೇ ಒಂದು ಸಲ ಕೆಟ್ಟಿದ್ದರೂ ಸಾಕಾಯಿತು. ಜೊತೆಗೆ ‘ಹುಟ್ಟುಗುಣದ ಮನೋವಿಕಲ ಕೀಳುತನ’ ಎಂಬ, ಯಾರನ್ನು ಬೇಕಾದರೂ ತುಂಬಬಹುದಾದ ಚೀಲವೊಂದನ್ನು ಕಾಯ್ದೆ ಹೊಲಿದುಕೊಂಡಿತು. ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿದ್ದು ಇದೇ ಕಾಯ್ದೆ.

ಕಾಯ್ದೆಯ ಪದಗಳು ಮನುಷ್ಯರ ಮೈಮುಟ್ಟಿದ್ದು 1892ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ತೆರೆದ ಎಲ್ಲಿಸ್ ದ್ವೀಪದ ಠಾಣೆಯಲ್ಲಿ. ಗಂಟುಮೂಟೆ ಹೊತ್ತು ಸಾಲಿನಲ್ಲಿ ಬರುವವರನ್ನು ವೈದ್ಯರು ಕೆಲವೇ ಸೆಕೆಂಡು ನೋಡುತ್ತಿದ್ದರು. ಬುದ್ಧಿಯ ಬಗ್ಗೆ ಅನುಮಾನ ಬಂದರೆ ಬಲ ಭುಜದ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು. ಲಕ್ಷಣ ಖಚಿತವೆನಿಸಿದರೆ ಅದರ ಸುತ್ತ ಒಂದು ಸುತ್ತು. ಅಲ್ಲಿನ ವೈದ್ಯ ಇ. ಎಚ್. ಮುಲ್ಲನ್ 1917ರಲ್ಲಿ ಈ ಕ್ರಮವನ್ನು ವಿವರವಾಗಿ ಬರೆದಿದ್ದಾರೆ. ಒಂದೊಂದು ದೇಶದವರಿಗೂ ಅವರವರದೇ ನಡವಳಿಕೆ ಇದೆ, ಇಟಲಿಯವನು ಫಿನ್ ಜನರಂತೆ ಉತ್ತರಿಸಿದರೆ ಖಿನ್ನತೆಯನ್ನು ಶಂಕಿಸಬೇಕು ಎಂಬ ಧಾಟಿಯ ಮಾತು ಅದರಲ್ಲಿದೆ. ಸಮುದ್ರಯಾನದಿಂದ ಬಳಲಿ, ಭಾಷೆ ತಿಳಿಯದೆ ಬೆದರಿದವನು ಹೇಗೆ ಉತ್ತರಿಸಬೇಕಿತ್ತೋ! ಮೊದಲ, ಎರಡನೇ ದರ್ಜೆಯ ಪ್ರಯಾಣಿಕರಿಗೆ ಮಾತ್ರ ಈ ಸಾಲಿನ ಕಾಟವಿರಲಿಲ್ಲ. ಅವರನ್ನು ಹಡಗಿನಲ್ಲೇ ಮೇಲುಮೇಲೆ ನೋಡಿ ಬಿಡುತ್ತಿದ್ದರು.

ಯೂಜೆನಿಕ್ಸ್ (ಮನುಷ್ಯತಳಿ ಸುಧಾರಣೆ) ಪ್ರತಿಪಾದಕ ಹೆನ್ರಿ ಗಾಡರ್ಡ್ ಇಲ್ಲಿಯೇ ಪರೀಕ್ಷೆ ನಡೆಸಿ, ತಾನು ನೋಡಿದ ಯಹೂದಿಗಳಲ್ಲಿ ಶೇ. 83, ಇಟಲಿಯವರಲ್ಲಿ ಶೇ. 79 ಮಂದಿ ಮಂದಮತಿಗಳೆಂದು 1917ರಲ್ಲಿ ಪ್ರಕಟಿಸಿದರು. ಅಳತೆಗೋಲೇ ಡೊಂಕೆಂದು ಹೇಳಲು ಇಷ್ಟು ಅಂಕಿ ಸಾಕಿತ್ತು. ಅದೇ ದ್ವೀಪದ ವೈದ್ಯ ಹೋವರ್ಡ್ ನಾಕ್ಸ್, ಶಾಲೆಯ ಓದನ್ನು ಬೇಡುವ ಪ್ರಶ್ನೆಗಳು ಈ ಜನಕ್ಕೆ ಒಗ್ಗುವುದಿಲ್ಲವೆಂದು ಮನಗಂಡು, ಮರದ ತುಂಡುಗಳನ್ನು ತೋರಿಸಿದ ಕ್ರಮದಲ್ಲೇ ತಟ್ಟುವ ಮಾತಿಲ್ಲದ ಪರೀಕ್ಷೆಯೊಂದನ್ನು ರೂಪಿಸಿದ್ದರು. ಗಾಡರ್ಡರಿಗಿಂತ ಇದು ಮೇಲು, ನಿಜ. ಆದರೆ ನಾಕ್ಸ್ ಕೂಡ ಹುಡುಕುತ್ತಿದ್ದುದು ವಾಪಸು ಕಳಿಸಬೇಕಾದವರನ್ನೇ.

1917ರ ಚೀಲದಂತೆಯೇ, 1952ರ ಕಾಯ್ದೆಯ ‘ಮನೋವಿಕಲ ವ್ಯಕ್ತಿತ್ವ’ ಎಂಬ ಪದ ಸಲಿಂಗಕಾಮಿಗಳನ್ನು ತಡೆಯಲು ಬಳಕೆಯಾಯಿತು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದರೂ, ಕಾನೂನಿನಿಂದ ಆ ತಡೆ ಹೋಗಲು 1990 ಬರಬೇಕಾಯಿತು. ಆ ವರ್ಷದ ತಿದ್ದುಪಡಿ ರೋಗದ ಹೆಸರುಗಳನ್ನು ಕೈಬಿಟ್ಟು, ರೋಗಕ್ಕೆ ಸಂಬಂಧಿಸಿದ ಅಪಾಯಕಾರಿ ವರ್ತನೆಯನ್ನು ಆಧಾರವಾಗಿ ಹಿಡಿಯಿತು.

ಆದರೂ 2013ರಲ್ಲಿ ಟೊರಾಂಟೊ ವಿಮಾನ ನಿಲ್ದಾಣದಲ್ಲಿ, ಹಿಂದೊಮ್ಮೆ ಖಿನ್ನತೆಗಾಗಿ ಆಸ್ಪತ್ರೆ ಸೇರಿದ್ದ ಕೆನಡಾದ ಮಹಿಳೆಯೊಬ್ಬರನ್ನು ಅಮೆರಿಕದ ಅಧಿಕಾರಿಗಳು ತಡೆದರು. ಆತ್ಮಹತ್ಯಾ ಯತ್ನದ ಕರೆಗಳ ವಿವರವನ್ನು ಅಲ್ಲಿನ ಪೊಲೀಸರು ಕೆನಡಾದ ರಾಷ್ಟ್ರೀಯ ದಾಖಲೆಗೆ ಸೇರಿಸುತ್ತಿದ್ದರು, ಅದು ಗಡಿಯಾಚೆಯ ಅಧಿಕಾರಿಗಳಿಗೂ ಕಾಣುತ್ತಿತ್ತು ಎಂಬುದನ್ನು ಒಂಟಾರಿಯೊ ಪ್ರಾಂತ್ಯದ ಖಾಸಗಿತನ ಆಯುಕ್ತರು 2014ರಲ್ಲಿ ವರದಿ ಮಾಡಿದರು. ನೆರವು ಕೋರಿದ ಕರೆಯೇ ಸೀಮೆಸುಣ್ಣವಾಗಿತ್ತು.

ಬೆಂಗಳೂರು, ಮಂಗಳೂರಿನ ಮನೆಗಳಲ್ಲಿ ಕೂತು ಅಮೆರಿಕದ ವೀಸಾ ಅರ್ಜಿ ತುಂಬುವವರಿಗೂ, ನಿಮಗೋ ಇತರರಿಗೋ ಅಪಾಯ ತರಬಹುದಾದ ಮಾನಸಿಕ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಎದುರಾಗುತ್ತದೆ. ಭದ್ರತೆಯ ವಿಭಾಗದಲ್ಲಿ, ಅಪರಾಧ ಮತ್ತು ಭಯೋತ್ಪಾದನೆಯ ಪ್ರಶ್ನೆಗಳ ನೆರೆಯಲ್ಲಿ.