ವೈದ್ಯರನ್ನು ಲೇವಡಿ ಮಾಡಿ ಮಾತ್ರೆ ಮಾರಿದ ವ್ಯಂಗ್ಯಚಿತ್ರಗಳು

'ಡಾಕ್ಟರ್ ಮದ್ದು ವಿಷ, ನಮ್ಮದು ಶುದ್ಧ ಗಿಡಮೂಲಿಕೆ' ಎಂಬ ಪ್ರಚಾರ ಇಂದು ನಿನ್ನೆಯದಲ್ಲ. 19ನೇ ಶತಮಾನದ ಲಂಡನ್ನಿನಲ್ಲಿ ಇದೇ ಮಾತನ್ನು ಚಿತ್ರ ಬಿಡಿಸಿ ಹೇಳಲಾಗುತ್ತಿತ್ತು. ಆ ಪ್ರಚಾರದ ಹಿಂದಿದ್ದದ್ದು ಜೇಮ್ಸ್ ಮಾರಿಸನ್ (1770-1840) ಹುಟ್ಟುಹಾಕಿದ ಸಂಸ್ಥೆ.

ಯಾರು ಈ ಮಾರಿಸನ್?

ಸ್ಕಾಟ್ಲೆಂಡ್ ಮೂಲದ ವ್ಯಾಪಾರಿ. ವೈದ್ಯಕೀಯ ಓದಿದವರಲ್ಲ. ವರ್ಷಗಟ್ಟಲೆ ಕಾಡಿದ ಕಾಯಿಲೆಯನ್ನು ವೈದ್ಯರು ವಾಸಿ ಮಾಡಲಿಲ್ಲ, ತನ್ನದೇ ಮಾತ್ರೆಯಿಂದ ಗುಣವಾಯಿತು ಎಂದು ಹೇಳಿಕೊಂಡು, 1825ರಲ್ಲಿ 'ವೆಜಿಟೆಬಲ್ ಯೂನಿವರ್ಸಲ್ ಪಿಲ್ಸ್' ಮಾರಾಟಕ್ಕಿಳಿದರು. 1828ರಲ್ಲಿ 'ಬ್ರಿಟಿಷ್ ಕಾಲೇಜ್ ಆಫ್ ಹೆಲ್ತ್' ಎಂಬ ಬೋರ್ಡನ್ನೂ ಹಾಕಿದರು. ರೋಗಗಳೆಲ್ಲ ಕೆಟ್ಟ ರಕ್ತದಿಂದ ಬರುತ್ತವೆ, ಭೇದಿಯೊಂದೇ ಮದ್ದು ಎಂಬುದು ಅವರ ವಾದ.

ಚಿತ್ರಗಳಲ್ಲಿ ಏನಿತ್ತು?

1796ರಲ್ಲಿ ಕಂಡುಹಿಡಿಯಲಾದ ಲಿಥೋಗ್ರಫಿ, ಅಂದರೆ ಕಲ್ಲಚ್ಚು, ಅಷ್ಟರಲ್ಲಿ ಚಿತ್ರ ಮುದ್ರಣವನ್ನು ಅಗ್ಗವಾಗಿಸಿತ್ತು. ಮಾರಿಸನ್ ಪರ ಚಿತ್ರಗಳಲ್ಲಿ ವೈದ್ಯರು ಮತ್ತು ಔಷಧ ವ್ಯಾಪಾರಿಗಳೇ ಖಳನಾಯಕರು: ವಿಷ ಕೊಡುವವರು, ರೋಗಿಯ ಹಣಕ್ಕೆ ಕಾದು ಕುಳಿತವರು.

ಈ ಟೀಕೆ ಪೂರ್ತಿ ಸುಳ್ಳಾಗಿರಲಿಲ್ಲ. ಆಗಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು, ಜಿಗಣೆ ಬಿಡುತ್ತಿದ್ದರು, ಪಾದರಸದ ಸಂಯುಕ್ತವಾದ ಕ್ಯಾಲೊಮೆಲ್ ಕುಡಿಸುತ್ತಿದ್ದರು. ಇವುಗಳಿಂದ ಜನ ನಿಜಕ್ಕೂ ನರಳಿದ್ದರು. ಹಾಗಾಗಿಯೇ ಚಿತ್ರಗಳು ನಾಟಿದವು.

ಮಾತ್ರೆಯ ಅಸಲಿ ಕಥೆ

ಮಾತ್ರೆಯಲ್ಲಿದ್ದದ್ದು ಲೋಳೆಸರದ ರಸ, ಗ್ಯಾಂಬೋಜ್ ಎಂಬ ಮರದ ಅಂಟಿನಂಥ ತೀವ್ರ ಭೇದಿ ವಸ್ತುಗಳು. ಗುಣ ಕಾಣದಿದ್ದರೆ ಇನ್ನಷ್ಟು ನುಂಗಿ ಎಂಬುದೇ ಸಲಹೆ. 1836ರಲ್ಲಿ, ಈ ಮಾತ್ರೆ ನುಂಗಿದ ವ್ಯಕ್ತಿಯೊಬ್ಬರ ಸಾವಿನ ಪ್ರಕರಣದಲ್ಲಿ ಮಾರಾಟ ಏಜೆಂಟ್ ರಾಬರ್ಟ್ ಸಾಲ್ಮನ್ ನರಹತ್ಯೆಯ ಅಪರಾಧಿ ಎಂದು ತೀರ್ಪಾಯಿತು. ದಂಡ 200 ಪೌಂಡ್. 'ದಿ ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕ ಥಾಮಸ್ ವೇಕ್ಲಿ ಈ ಮಾತ್ರೆಗಳ ವಿರುದ್ಧ ಸತತವಾಗಿ ಬರೆದರು.

ವ್ಯಂಗ್ಯಕ್ಕೆ ವ್ಯಂಗ್ಯ

ಸಿ. ಜೆ. ಗ್ರಾಂಟ್ ಅವರಂಥ ಕಲಾವಿದರು ತಿರುಗೇಟು ಕೊಟ್ಟರು. ಅವರ ಚಿತ್ರದಲ್ಲಿ 'ವೆಜಿಟೆಬಲ್' ಮಾತ್ರೆ ನುಂಗಿದವನ ಮೈತುಂಬ ತರಕಾರಿ ಬೆಳೆದಿದೆ! 1843ರಲ್ಲಿ ಥಾಮಸ್ ಕಾರ್ಲೈಲ್ 'ಪಾಸ್ಟ್ ಆಂಡ್ ಪ್ರೆಸೆಂಟ್' ಕೃತಿಯ ಅಧ್ಯಾಯವೊಂದಕ್ಕೆ ಈ ಮಾತ್ರೆಯ ಹೆಸರನ್ನೇ ಇಟ್ಟರು. ಎಲ್ಲಕ್ಕೂ ಒಂದೇ ಮದ್ದು ಹುಡುಕುವವರ ಬಗೆಗಿನ ಕುಟುಕು ಅದು.

ವೈದ್ಯರ ತಪ್ಪನ್ನು ಆ ಚಿತ್ರಗಳು ಸರಿಯಾಗಿಯೇ ತೋರಿಸಿದವು. ಆದರೆ ಪಾದರಸ ಕೆಟ್ಟದ್ದು ಎಂದ ಮಾತ್ರಕ್ಕೆ ಭೇದಿ ಮಾತ್ರೆ ಒಳ್ಳೆಯದಾಗಲಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಿತ್ತು.